ಮುಳ್ಳು ಎಲ್ಲಿ ಏರುತ್ತದೆ?

ಇಂಜಿನ್ ಕಾಯುವ ಗಾಡಿಗೆ ನಮ್ಮ ಕಡೆ ಸಲಹೆಗಳ ಬರವಿಲ್ಲ. ನಿಡಗುಂದಿ ಸ್ಟ್ಯಾಂಡಿನಲ್ಲಿ ಬಾನೆಟ್ ಎತ್ತಿ ನಿಂತರೆ ಸಾಕು, ಚಹಾದ ಅಂಗಡಿಯಿಂದ ನಾಲ್ಕು ಮಂದಿ ಎದ್ದು ಬರುತ್ತಾರೆ, ನಾಲ್ಕು ರೋಗದ ಹೆಸರು ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ನಮ್ಮ ಅಬ್ಬಾನ ಹಳೆಯ ಡೀಸೆಲ್ ಜೀಪಿಗೆ ಹೀಗೆ ಸಿಕ್ಕ ಸಲಹೆಗಳನ್ನೆಲ್ಲ ನಾನು ಒಂದು ಹಾಳೆಯ ಮೇಲೆ ಬರೆದೆ. ಪಕ್ಕದಲ್ಲಿ ಅವರು ಹೇಳಿದ ಖರ್ಚನ್ನೂ ಬರೆದೆ. ಹೊಸ ರೇಡಿಯೇಟರ್ 9,000. ವಾಟರ್ ಪಂಪ್ 4,500. ಹೆಡ್ ಗ್ಯಾಸ್ಕೆಟ್ ಕೆಲಸ 22,000. ಹಾಫ್ ಇಂಜಿನ್ ಕೆಲಸ 38,000. ಕೂಡಿಸಿದರೆ 73,500 ರೂಪಾಯಿ. ಗಾಡಿಯನ್ನು ಗುಜರಿಗೆ ಹಾಕಿದರೂ ಅಷ್ಟು ಬರುತ್ತಿರಲಿಲ್ಲ.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವಳು. ಇಂಜಿನ್ ಬಿಚ್ಚಿ ಜೋಡಿಸಲು ನನಗೆ ಬರುವುದಿಲ್ಲ. ಆದರೆ ಎರಡು ವರ್ಷದಿಂದ ಅಬ್ಬಾನ ಜಮಾ-ಖರ್ಚಿನ ಪುಸ್ತಕ ಬರೆಯುವವಳು ನಾನೇ. ಗಾಡಿ ಕಾಯುವುದಕ್ಕೂ ಲೆಕ್ಕ ಬರೆಯುವುದಕ್ಕೂ ಏನು ಸಂಬಂಧ ಎಂದು ಗೆಳತಿಯರು ಕೇಳಿದರು. ಸಂಬಂಧ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದಾದಾ ಅವರ ಹೊಲ ಹಿನ್ನೀರಿನಲ್ಲಿ ಮುಳುಗಿತು. ಆಲಮಟ್ಟಿ ಸುತ್ತಮುತ್ತ ಇಂಥ ಮನೆಗಳು ಬಹಳ. ಹೊಲ ಹೋದ ಮೇಲೆ ಅಬ್ಬಾ ಬೇರೆಯವರ ಗಾಡಿ ಓಡಿಸಿದರು. ಆಮೇಲೆ ಸಾಲ ಮಾಡಿ ಈ ಜೀಪನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ನನಗೆ ತಿಳಿವಳಿಕೆ ಬಂದಾಗಿನಿಂದ ನಮ್ಮ ಮನೆಯ ಹೊಲ ಎಂದರೆ ಈ ಜೀಪೇ. ಆಲಮಟ್ಟಿ, ನಿಡಗುಂದಿ, ಬಸವನ ಬಾಗೇವಾಡಿ ನಡುವೆ ದಿನಕ್ಕೆ ಮೂರು ನಾಲ್ಕು ಸಲ ಓಡಾಡುತ್ತದೆ. ಸಂತೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಕೂಡಗಿಯ ಕಡೆ ಕೆಲಸಕ್ಕೆ ಹೋಗುವವರು ಕೂರುತ್ತಾರೆ. ಡೀಸೆಲ್ ಕಳೆದರೆ ದಿನಕ್ಕೆ ಸುಮಾರು 800 ರೂಪಾಯಿ ಉಳಿಯುತ್ತದೆ. ಅದರಲ್ಲೇ ಮನೆ, ನನ್ನ ಫೀಸು, ತಮ್ಮನ ಶಾಲೆ.

ಫೆಬ್ರವರಿ ಕೊನೆಗೆ ಬಿಸಿಲು ಬಲಿಯುತ್ತಿದ್ದಂತೆ ಗಾಡಿ ಕಾಯತೊಡಗಿತು. ಮನೆಯಲ್ಲಿ ‘ಗಾಡಿ ಗರಮ್ ಹುಯಿ’ ಎಂಬ ಮಾತು, ಸ್ಟ್ಯಾಂಡಿನಲ್ಲಿ ‘ಗಾಡಿ ಕಾದೈತಿ’ ಎಂಬ ಮಾತು, ಎರಡೂ ದಿನವೂ ಕೇಳತೊಡಗಿದವು. ಮುಳ್ಳು ಕೆಂಪು ಗೆರೆಯ ಹತ್ತಿರ ಹೋದರೆ ಅಬ್ಬಾ ರಸ್ತೆ ಪಕ್ಕ ನಿಲ್ಲಿಸುತ್ತಿದ್ದರು. ಅರ್ಧ ತಾಸು ಬಿಟ್ಟು ನೀರು ಹಾಕುತ್ತಿದ್ದರು. ಅಷ್ಟರಲ್ಲಿ ಕೂತವರು ಇಳಿದು ಬೇರೆ ಗಾಡಿ ಹಿಡಿಯುತ್ತಿದ್ದರು. ಇಳಿದವರಿಂದ ಅಬ್ಬಾ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಮಾರ್ಚ್ ತಿಂಗಳ ಪುಸ್ತಕದಲ್ಲಿ ಉಳಿತಾಯದ ಸಾಲು ಅರ್ಧಕ್ಕೆ ಇಳಿದಿತ್ತು.

ರಂಜಾನ್ ಮುಗಿದ ಮೇಲೆ ಒಂದು ರಾತ್ರಿ ಅಬ್ಬಾ ಅಮ್ಮಿಯ ಹತ್ತಿರ ಪುಣೆಯ ಮಾತು ತೆಗೆದರು. ಅಲ್ಲಿ ಡ್ರೈವರ್ ಕೆಲಸ ಇದೆಯಂತೆ, ಇರಲು ಕೋಣೆಯನ್ನೂ ಕೊಡುತ್ತಾರಂತೆ, ಗಾಡಿ ಮಾರಿ ಸಾಲ ತೀರಿಸಿದರೆ ಆಯಿತು ಎಂದರು. ಅಮ್ಮಿ ಏನೂ ಹೇಳಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಎರಡು ಸಲ ಒರೆಸಿದರು. ನಮ್ಮ ಓಣಿಯಲ್ಲಿ ಪುಣೆ, ಗೋವಾ ಕಡೆ ದುಡಿಯಲು ಹೋದ ಅಪ್ಪಂದಿರು ಬಹಳ ಮಂದಿ ಇದ್ದಾರೆ. ಹಬ್ಬಕ್ಕೆ ಬರುತ್ತಾರೆ, ನಾಲ್ಕು ದಿನ ಇದ್ದು ಹೋಗುತ್ತಾರೆ. ಹಾಗಾಗಿ ಆ ಮಾತಿನ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಹೊತ್ತಿಗೆ ನನ್ನ ಪ್ರಥಮ ಪಿಯುಸಿ ಪರೀಕ್ಷೆ ಮುಗಿದಿತ್ತು. ಲೆಕ್ಕಶಾಸ್ತ್ರದಲ್ಲಿ ತಾಳೆಪಟ್ಟಿ ಮತ್ತು ತಪ್ಪುಗಳ ತಿದ್ದುಪಡಿ ಎಂಬ ಪಾಠಗಳಿವೆ. ತಾಳೆಪಟ್ಟಿಯ ಎರಡೂ ಕಡೆ ಸರಿಹೊಂದದಿದ್ದರೆ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಅನಾಮತ್ತು ಖಾತೆಗೆ ಹಾಕುತ್ತೇವೆ. ಹಾಗೆ ಹಾಕಿದರೆ ಪಟ್ಟಿ ಸರಿಯಾದಂತೆ ಕಾಣುತ್ತದೆ, ತಪ್ಪು ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಹುಡುಕಲು ಒಂದೊಂದೇ ಖಾತೆ, ಒಂದೊಂದೇ ವೋಚರ್ ನೋಡುತ್ತ ಹೋಗಬೇಕು. ನಮ್ಮ ಮೇಡಂ ಇದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರು. ಅಬ್ಬಾನ ಹಾಳೆಯ 73,500 ರೂಪಾಯಿ ನೋಡಿದಾಗ ನನಗೆ ಅನಿಸಿದ್ದು ಇದೇ. ತಪ್ಪು ಎಲ್ಲಿದೆ ಎಂದು ಯಾರೂ ನೋಡಿಲ್ಲ, ಎಲ್ಲರೂ ಮೊತ್ತ ಮಾತ್ರ ಹೇಳಿದ್ದಾರೆ.

ಅಬ್ಬಾನಿಗೆ ಹೇಳಿದೆ: ಪುಣೆಗೆ ಹೋಗುವುದಿದ್ದರೆ ಹೋಗಿ, ಆದರೆ ಅದಕ್ಕೂ ಮೊದಲು ಹನ್ನೆರಡು ದಿನ ಕೊಡಿ. ಪುಸ್ತಕದಲ್ಲಿ ಜಮಾ, ಖರ್ಚು ಎಂಬ ಕಾಲಂಗಳ ಪಕ್ಕದಲ್ಲಿ ‘ಮುಳ್ಳು’ ಎಂಬ ಹೊಸ ಕಾಲಂ ಎಳೆದೆ. ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ, ಎಷ್ಟು ಮಂದಿ ಕೂತಿದ್ದರು, ಗಾಡಿ ಓಡುತ್ತಿತ್ತೋ ನಿಂತಿತ್ತೋ, ಮುಳ್ಳು ಎಲ್ಲಿತ್ತು. ಅಬ್ಬಾ ಪ್ರತಿ ಟ್ರಿಪ್ಪಿನದು ಹೇಳಬೇಕು, ನಾನು ರಾತ್ರಿ ಬರೆಯಬೇಕು. ರಜೆ ಇದ್ದುದರಿಂದ ಮೂರು ದಿನ ನಾನೇ ಮುಂದಿನ ಸೀಟಿನಲ್ಲಿ ಕೂತು ಹೋದೆ.

ಇಷ್ಟಕ್ಕೆ ಅರ್ಥ ಬರಬೇಕಾದರೆ ಇಂಜಿನ್ನಿನ ಶಾಖ ಹೇಗೆ ಹೊರಗೆ ಹೋಗುತ್ತದೆ ಎಂದು ತಿಳಿಯಬೇಕು. ಅಬ್ಬಾನ ಗೆಳೆಯರಾದ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಟ್ರ್ಯಾಕ್ಟರ್, ಟಂಟಂ, ಜೀಪು ಮೂರೂ ರಿಪೇರಿ ಮಾಡುತ್ತಾರೆ. ಅವರು ಹೇಳಿದ್ದು ಹೀಗೆ. ಡೀಸೆಲ್ ಉರಿದಾಗ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುತ್ತದೆ. ಇನ್ನೊಂದು ಭಾಗ ಹೊಗೆಯ ಜೊತೆ ಸೈಲೆನ್ಸರಿನಲ್ಲಿ ಹೋಗುತ್ತದೆ. ಉಳಿದದ್ದನ್ನು ನೀರು ಹೊತ್ತುಕೊಂಡು ಹೊರಗೆ ಹಾಕಬೇಕು. ವಾಟರ್ ಪಂಪು ನೀರನ್ನು ಇಂಜಿನ್ನಿನ ಸುತ್ತ ತಳ್ಳುತ್ತದೆ. ನೀರು ಸುಮಾರು 82 ಡಿಗ್ರಿಗೆ ಬಂದಾಗ ಥರ್ಮೋಸ್ಟಾಟ್ ಎಂಬ ಚಿಕ್ಕ ಬಾಗಿಲು ತೆರೆದು ಅದನ್ನು ರೇಡಿಯೇಟರಿಗೆ ಬಿಡುತ್ತದೆ. ಅಲ್ಲಿ ನೀರು ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿಯುತ್ತದೆ, ಗಾಳಿ ಅದರ ಶಾಖ ಕಸಿದುಕೊಳ್ಳುತ್ತದೆ. ತಣ್ಣಗಾದ ನೀರು ಮತ್ತೆ ಇಂಜಿನ್ನಿಗೆ.

‘ಕೂಡಗಿ ಪ್ಲಾಂಟ್ ನೋಡಿಯಲ್ಲವಾ?’ ಎಂದರು ಕಾಕಾ. ‘ಅಷ್ಟ ದೊಡ್ಡದಕ್ಕೂ ಇದ ಲೆಕ್ಕ. ಬೆಂಕಿ ಹಚ್ಚಿದ ಮ್ಯಾಲ ಶಾಖಾ ಎಲ್ಲೆರೆ ಹಾಕಬೇಕಲ್ಲ.’ ಕೂಡಗಿಯ ಎನ್‌ಟಿಪಿಸಿ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ, ಒಟ್ಟು 2,400 ಮೆಗಾವಾಟ್. ಅದಕ್ಕೆ ಬೇಕಾದ ನೀರು ನಮ್ಮ ಆಲಮಟ್ಟಿ ಜಲಾಶಯದಿಂದಲೇ ಹೋಗುತ್ತದೆ. ದೂರದಿಂದ ಕಾಣುವ ಆ ಆವಿ ಮತ್ತು ಅಬ್ಬಾನ ಬಾನೆಟ್ಟಿನಿಂದ ಏಳುವ ಆವಿ ಹತ್ತಿರದ ಸಂಬಂಧಿಕರು ಎಂದು ನನಗೆ ಅವತ್ತು ಗೊತ್ತಾಯಿತು.

ಕಾಕಾ ಇನ್ನೊಂದು ಮಾತು ಹೇಳಿದರು, ಅದು ಮುಖ್ಯ. ನಿಂತಾಗ ಕಾದು ಓಡುವಾಗ ತಣ್ಣಗಾದರೆ ಗಾಳಿಯ ತೊಂದರೆ. ಏಕೆಂದರೆ ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ, ಓಡುವಾಗ ಗಾಳಿ ತಾನೇ ಬಂದು ಬಡಿಯುತ್ತದೆ. ನಿಂತಾಗ ಸುಮ್ಮನಿದ್ದು, ಭಾರ ಹೊತ್ತು ಜೋರಾಗಿ ಓಡುವಾಗ ಕಾದರೆ ನೀರಿನ ತೊಂದರೆ. ಇಂಜಿನ್ ಹೆಚ್ಚು ಶಾಖ ಕೊಡುತ್ತಿದೆ, ಅಷ್ಟನ್ನು ಹೊರಗೆ ಹಾಕುವಷ್ಟು ನೀರು ರೇಡಿಯೇಟರಿನಲ್ಲಿ ಹರಿಯುತ್ತಿಲ್ಲ ಎಂದರ್ಥ.

ಹನ್ನೆರಡು ದಿನದ ಕಾಲಂ ತೆಗೆದುಕೊಂಡು ಗ್ಯಾರೇಜಿಗೆ ಹೋದೆವು. ಅಲ್ಲಿ ಕೂತಿದ್ದ ಒಬ್ಬರು ‘ಹುಡುಗಿಗಿಲ್ಲೇನ್ ಕೆಲಸಾರಿ?’ ಎಂದು ಅಬ್ಬಾನನ್ನು ಕೇಳಿದರು. ಅಬ್ಬಾ ‘ಲೆಕ್ಕಾ ಅಕಿ ಕಡೆ ಐತ್ರಿ’ ಎಂದಷ್ಟೇ ಹೇಳಿದರು. ಗ್ಯಾರೇಜಿನ ಹುಡುಗ ಒಂದು ಸ್ಟೂಲ್ ತಂದಿಟ್ಟ.

ಹನ್ನೆರಡು ದಿನದಲ್ಲಿ ಮುಳ್ಳು ಒಂಬತ್ತು ಸಲ ಏರಿತ್ತು. ಒಂಬತ್ತೂ ಸಲ ಬೆಳಿಗ್ಗೆ 11ರಿಂದ ಸಂಜೆ 4ರ ಒಳಗೆ. ಒಂಬತ್ತೂ ಸಲ ಗಾಡಿ ತುಂಬಿತ್ತು, ಹೆದ್ದಾರಿಯಲ್ಲಿ ಓಡುತ್ತಿತ್ತು. ಸ್ಟ್ಯಾಂಡಿನಲ್ಲಿ ಇಂಜಿನ್ ಬಂದ್ ಮಾಡದೆ ಕಾಲು ತಾಸು ನಿಂತಾಗ ಒಂದು ಸಲವೂ ಏರಿರಲಿಲ್ಲ. ವೇಗ ಇಳಿಸಿದರೆ ಹತ್ತು ನಿಮಿಷದಲ್ಲಿ ಮುಳ್ಳು ತಾನಾಗಿ ಕೆಳಗೆ ಬರುತ್ತಿತ್ತು. ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಇದನ್ನ ಮೊದಲ ತಂದಿದ್ರ ಛಲೋ ಇತ್ತು ಭಾಯ್. ಮಂದಿ ನನ್ನ ಮುಂದ ಕಾದೈತಿ ಅಂತಾರ, ಯಾವಾಗ ಕಾದೈತಿ ಅನ್ನೂದಿಲ್ಲ’ ಎಂದರು.

ಆಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಯಾವುದನ್ನು ನೋಡಲು ರೊಕ್ಕ ಬೇಡವೋ ಅದನ್ನು ಮೊದಲು ನೋಡುವುದು. ದುಬಾರಿಯದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಸಾಮಾನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ, ಉಳಿದ ಎರಡರ ರೊಕ್ಕ ಹೋಗಿರುತ್ತದೆ.

ಮೊದಲು ಮುಳ್ಳನ್ನೇ ಪರೀಕ್ಷಿಸಿದೆವು. ಮೀಟರ್ ಕೂಡ ಒಂದು ವೋಚರ್ ಇದ್ದಂತೆ, ಅದು ಸುಳ್ಳಾಗಿದ್ದರೆ ಮುಂದಿನದೆಲ್ಲ ವ್ಯರ್ಥ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದೇ ಆದರೆ ಯಂತ್ರಗಳಿಗೆ ಬಳಸುವ ಉಷ್ಣಮಾಪಕವೊಂದು ಕಾಕಾ ಹತ್ತಿರ ಇತ್ತು. ಇಂಜಿನ್ನಿನ ನೀರು ಹೊರಬರುವ ಜಾಗಕ್ಕೆ ಹಿಡಿದರೆ 88 ಡಿಗ್ರಿ, ಮುಳ್ಳು ನಡುವೆ. ಮೀಟರ್ ನಿಜವನ್ನೇ ಹೇಳುತ್ತಿತ್ತು.

ಎರಡನೆಯದು ಸೋರಿಕೆ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಪೈಪುಗಳ ಕೀಲು, ಪಂಪಿನ ಕೆಳಗೆ, ಎಲ್ಲ ಕಡೆ ನೋಡಿದೆವು. ಕೆಳಗಿನ ಪೈಪಿನ ಕ್ಲಿಪ್ ಹತ್ತಿರ ಬಿಳಿ ಕಲೆ ಇತ್ತು, ಪೈಪು ಮೆತ್ತಗಾಗಿತ್ತು. ಅದನ್ನು ಬದಲಿಸಬೇಕಾಯಿತು. ಮೂರನೆಯದು ರೇಡಿಯೇಟರಿನ ಮುಚ್ಚಳ. ಇದು ಬರೀ ಮುಚ್ಚಳ ಎಂದುಕೊಂಡಿದ್ದೆ. ಇದರ ಸ್ಪ್ರಿಂಗ್ ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ, ಪ್ರೆಶರ್ ಕುಕ್ಕರಿನ ಹಾಗೆ. ಒತ್ತಡ ಹೆಚ್ಚಾದರೆ ನೀರು ಕುದಿಯುವ ಬಿಂದುವೂ ಮೇಲೆ ಹೋಗುತ್ತದೆ. ನಮ್ಮದರ ಮೇಲೆ 0.9 ಎಂದು ಬರೆದಿತ್ತು. ಆ ಒತ್ತಡದಲ್ಲಿ ನೀರು 100ಕ್ಕೆ ಅಲ್ಲ, ಸುಮಾರು 118 ಡಿಗ್ರಿಗೆ ಕುದಿಯುತ್ತದೆ. ನಮ್ಮ ಮುಚ್ಚಳದ ರಬ್ಬರು ಬಿರುಕು ಬಿಟ್ಟಿತ್ತು. 180 ರೂಪಾಯಿಯ ಹೊಸದು ಹಾಕಿ ನಾಲ್ಕು ದಿನ ಓಡಿಸಿದೆವು. ನೀರು ಉಕ್ಕುವುದು ಕಡಿಮೆಯಾಯಿತು, ಮುಳ್ಳು ಏರುವುದು ನಿಲ್ಲಲಿಲ್ಲ. ಅಂದರೆ ಮುಚ್ಚಳ ಕೆಟ್ಟಿದ್ದು ನಿಜ, ಅಸಲು ಕಾರಣ ಬೇರೆ.

ಬೆಲ್ಟು ಸವೆದಿತ್ತು, ಬದಲಿಸಿದೆವು. ರೇಡಿಯೇಟರಿನ ಹೊರಮೈಯಲ್ಲಿ ಜೋಳದ ಹೊಟ್ಟು, ಹುಳ, ಧೂಳು ಕೂತಿತ್ತು. ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆದೆವು. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಸೇರುತ್ತದೆ. ಇದಾದ ಮೇಲೂ ಬರೆದೆ. ಮುಳ್ಳು ಸ್ವಲ್ಪ ತಡವಾಗಿ ಏರಿತು, ಆದರೆ ಏರಿತು.

ಐದನೆಯದು ಥರ್ಮೋಸ್ಟಾಟ್. ಸ್ಟ್ಯಾಂಡಿನಲ್ಲಿ ಎಲ್ಲರೂ ಕೊಟ್ಟ ಪುಕ್ಕಟೆ ಸಲಹೆ ಎಂದರೆ ಅದನ್ನು ತೆಗೆದು ಎಸೆಯಿರಿ ಎಂಬುದು. ಕಾಕಾ ಒಪ್ಪಲಿಲ್ಲ. ಅದು ಇಲ್ಲದಿದ್ದರೆ ಇಂಜಿನ್ ಬೇಕಾದಷ್ಟು ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಕಾಯುತ್ತದೆ. ಎಸೆಯುವುದರ ಬದಲು ಪರೀಕ್ಷೆ ಮಾಡು ಎಂದು ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಆ ಪರೀಕ್ಷೆ ನಮ್ಮ ಅಡುಗೆಮನೆಯಲ್ಲೇ ಆಯಿತು. ಅಮ್ಮಿ ಒಳ್ಳೆಯ ಪಾತ್ರೆ ಕೊಡಲಿಲ್ಲ, ಆಡಿಗೆ ಬೂಸಾ ಕಲಸುವ ಹಳೆಯ ಬೋಗುಣಿ ಕೊಟ್ಟರು. ಥರ್ಮೋಸ್ಟಾಟಿನ ಬಾಗಿಲಿಗೆ ದಾರ ಸಿಕ್ಕಿಸಿ, ನೀರಿನಲ್ಲಿ ತೂಗುಬಿಟ್ಟು, ಒಲೆ ಹಚ್ಚಿದೆ. ಪಕ್ಕದಲ್ಲಿ ಕಾಕಾ ಕೊಟ್ಟ ಥರ್ಮಾಮೀಟರ್. ನೀರು 80 ದಾಟಿ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದುಕೊಂಡು ದಾರ ಜಾರಿ ಥರ್ಮೋಸ್ಟಾಟ್ ತಳಕ್ಕೆ ಬಿತ್ತು. ತಮ್ಮ ಚಪ್ಪಾಳೆ ತಟ್ಟಿದ. ಥರ್ಮೋಸ್ಟಾಟ್ ನಿರಪರಾಧಿ. ಖರ್ಚಿನ ಕಾಲಮ್ಮಿನಲ್ಲಿ ಸೊನ್ನೆ ಬರೆದೆ.

ಇನ್ನು ಎಲ್ಲರೂ ಹೆದರಿಸಿದ್ದ ಹೆಡ್ ಗ್ಯಾಸ್ಕೆಟ್. ಅದು ಸುಟ್ಟಿದ್ದರೆ ಉರಿಯುವ ಅನಿಲ ನೀರಿಗೆ ನುಗ್ಗುತ್ತದೆ. ತಣ್ಣಗಿದ್ದಾಗ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದರೆ ಗುಳ್ಳೆಗಳು ಒಂದೇ ಸಮನೆ ಏಳುತ್ತವೆ. ನಮ್ಮದರಲ್ಲಿ ಏಳಲಿಲ್ಲ. ಆಯಿಲಿಗೆ ನೀರು ಸೇರಿದ್ದರೆ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ನಮ್ಮದು ಕಪ್ಪಗೇ ಇತ್ತು. ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿ ಹೊಗೆಯೂ ಇರಲಿಲ್ಲ. ಹಾಳೆಯ ಮೇಲಿನ 22,000 ಮತ್ತು 38,000 ಎರಡಕ್ಕೂ ನಾನು ಅಡ್ಡಗೆರೆ ಎಳೆದೆ. ಅಬ್ಬಾ ಅದನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು.

ಉಳಿದದ್ದು ರೇಡಿಯೇಟರಿನ ಒಳಗು. ಗಾಡಿಯನ್ನು ಚೆನ್ನಾಗಿ ಓಡಿಸಿ ತಂದು, ಬಂದ್ ಮಾಡಿ, ಉಷ್ಣಮಾಪಕವನ್ನು ರೇಡಿಯೇಟರಿನ ಒಂದೊಂದು ಮೂಲೆಗೂ ಹಿಡಿದೆವು. ಮೇಲೆ 86. ಬಲಗಡೆ ಕೆಳಗೆ 74. ಎಡಗಡೆ ಕೆಳಗೆ 41, ಅಂದರೆ ಹೊರಗಿನ ಬಿಸಿಲಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಅಷ್ಟು ಭಾಗಕ್ಕೆ ಬಿಸಿನೀರು ಹೋಗುತ್ತಲೇ ಇರಲಿಲ್ಲ. ಇಡೀ ಗಾಡಿ ಕಾದಿತ್ತು, ಕಾಯಬೇಕಾದ ಜಾಗ ಮಾತ್ರ ತಣ್ಣಗಿತ್ತು. ಕೊಳವೆಗಳು ಕಟ್ಟಿಕೊಂಡಿದ್ದವು.

ಏಕೆ ಕಟ್ಟಿದವು? ಉತ್ತರ ನಮ್ಮ ನೀರು ಕಾಯಿಸುವ ಹಂಡೆಯಲ್ಲೇ ಇತ್ತು. ಅದರ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕೂತಿರುತ್ತದೆ, ಕೆರೆದರೂ ಹೋಗುವುದಿಲ್ಲ. ನಮ್ಮ ಜಿಲ್ಲೆಯ ಬಹಳ ಊರುಗಳಲ್ಲಿ ಬೋರ್‌ವೆಲ್ ನೀರು ಸವಳು. ಅದರಲ್ಲಿ ಕರಗಿದ ಖನಿಜ ಬಿಸಿಯಾದಾಗ ಬೇರ್ಪಟ್ಟು ಲೋಹಕ್ಕೆ ಅಂಟಿಕೊಳ್ಳುತ್ತದೆ. ಗಾಡಿ ಕಾದಾಗಲೆಲ್ಲ ಎಲ್ಲ ಚಾಲಕರೂ ಹತ್ತಿರ ಸಿಕ್ಕ ನಳದಿಂದ, ಬೋರಿನಿಂದ ಕ್ಯಾನ್ ತುಂಬಿ ಹಾಕುತ್ತಾರೆ. ಹಾಕಿದ ಪ್ರತಿ ಕ್ಯಾನೂ ಸ್ವಲ್ಪ ಸ್ವಲ್ಪ ಸುಣ್ಣ ಬಿಟ್ಟುಹೋಗುತ್ತದೆ. ಸುಣ್ಣ ಹೆಚ್ಚಾದಂತೆ ಗಾಡಿ ಇನ್ನೂ ಕಾಯುತ್ತದೆ, ಕಾದಂತೆ ಇನ್ನೂ ನೀರು ಬೇಕಾಗುತ್ತದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ, 26 ಗೇಟುಗಳ, 519.60 ಮೀಟರಿಗೆ ತುಂಬಿದರೆ 123.08 ಟಿಎಂಸಿ ಹಿಡಿಯುವ ಅಣೆಕಟ್ಟಿನ ಮಗ್ಗುಲಲ್ಲೇ ನಮ್ಮ ಮನೆ. ಅಷ್ಟು ನೀರಿನ ಪಕ್ಕದಲ್ಲಿ ಇಂಜಿನ್ನಿಗೆ ಬೇಕಾದ ನೀರನ್ನು ನಾವು ಅಂಗಡಿಯಿಂದ ಕೊಂಡು ತರಬೇಕಾಯಿತು. ಬ್ಯಾಟರಿಗೆ ಹಾಕುತ್ತಾರಲ್ಲ, ಆ ಡಿಸ್ಟಿಲ್ಡ್ ನೀರು, ಅದಕ್ಕೆ ಸರಿಯಾದ ಅಳತೆಯ ಕೂಲೆಂಟ್. ಹೊಳೆಯ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲೂ ಖನಿಜ ಇರುತ್ತದೆ, ಮಣ್ಣು ಇರುತ್ತದೆ.

ರೇಡಿಯೇಟರ್ ಬಿಚ್ಚಿ ವಿಜಯಪುರಕ್ಕೆ ಒಯ್ದೆವು. ಅದು ತಾಮ್ರ-ಹಿತ್ತಾಳೆಯ ಹಳೆಯ ಕಾಲದ್ದು, ಆದ್ದರಿಂದ ರಿಪೇರಿಗೆ ಒಗ್ಗುತ್ತದೆ. ಮೇಲಿನ ಕೆಳಗಿನ ಡಬ್ಬಿಗಳ ಬೆಸುಗೆ ಬಿಚ್ಚಿ, ಒಂದೊಂದು ಕೊಳವೆಯಲ್ಲೂ ತೆಳ್ಳನೆಯ ಪಟ್ಟಿ ಹೊಡೆದು, ಸುಣ್ಣ ಕೆಡವಿ, ಮತ್ತೆ ಬೆಸೆದು ಕೊಟ್ಟರು. 9,000ದ ಹೊಸ ರೇಡಿಯೇಟರ್ ಬೇಕಾಗಲಿಲ್ಲ.

ಮತ್ತೆ ನೀರು ತುಂಬುವಾಗ ಗ್ಯಾರೇಜಿನ ಹುಡುಗ ಗೋಡೆಯ ಮೇಲೆ ಅಂಟಿಸಿದ್ದ ಸ್ಪೋರ್ಟ್ಸ್ ಕಾರಿನ ಚಿತ್ರ ತೋರಿಸಿ, ಇಂಥ ಕಾರಿಗೂ ಹೀಗಾಗುತ್ತದೆಯೇ ಎಂದು ಕೇಳಿದ. ನಮ್ಮ ಕಾಲೇಜಿನ ಹುಡುಗರೂ ಮೊಬೈಲಿನಲ್ಲಿ ಇಂಥವನ್ನೇ ನೋಡುತ್ತಿರುತ್ತಾರೆ, ಅದಕ್ಕೆ ಬರೆಯುತ್ತೇನೆ. ಕಾಕಾ ‘ಅದಕ್ಕ ಇನ್ನೂ ತ್ರಾಸ ಐತಿ’ ಎಂದರು. ಹಳೆಯ ಸ್ಪೋರ್ಟ್ಸ್ ಕಾರಿನ ಮೂತಿ ನೆಲಕ್ಕೆ ಹತ್ತಿರ, ಗಾಳಿ ಹೋಗುವ ಬಾಯಿ ಚಿಕ್ಕದು, ಇಂಜಿನ್ ಸುತ್ತ ಕೈ ಹಾಕಲೂ ಜಾಗ ಇರುವುದಿಲ್ಲ. ಕೆಲವದರಲ್ಲಿ, ಉದಾಹರಣೆಗೆ 1984ರಲ್ಲಿ ಬಂದ ಟೊಯೊಟಾ ಎಂಆರ್2 ಎಂಬ ಕಾರಿನಲ್ಲಿ, ಇಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮುಂದೆ. ನೀರು ಉದ್ದನೆಯ ಪೈಪುಗಳಲ್ಲಿ ಗಾಡಿಯ ಆ ತುದಿಯಿಂದ ಈ ತುದಿಗೆ ಓಡಾಡಬೇಕು. ತುಂಬುವಾಗ ನಡುವೆ ಗಾಳಿ ಸಿಕ್ಕಿಕೊಂಡರೆ ನೀರು ಹರಿಯುವುದು ನಿಂತು, ಹೊಸ ಸಾಮಾನು ಹಾಕಿದ್ದರೂ ಇಂಜಿನ್ ಕಾಯುತ್ತದೆ. ನಮ್ಮ ಜೀಪಿಗೂ ಅದೇ ಜಾಗ್ರತೆ. ಮೂತಿಯನ್ನು ಸ್ವಲ್ಪ ಏರಿನ ಕಡೆ ನಿಲ್ಲಿಸಿ, ಮುಚ್ಚಳ ತೆಗೆದೇ ತಣ್ಣನೆಯ ಇಂಜಿನ್ ಚಾಲೂ ಮಾಡಿ, ಗಾಳಿಯ ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಸುರಿದೆವು. ನೀರಿನ ಮಟ್ಟ ಎರಡು ಸಲ ಕುಸಿಯಿತು, ಎರಡು ಸಲ ತುಂಬಿದೆವು.

ಈಗ ಲೆಕ್ಕ. ಮುಚ್ಚಳ 180, ಬೆಲ್ಟು 350, ಪೈಪು 400, ರೇಡಿಯೇಟರ್ ಕೆಲಸ 2,200, ಕೂಲೆಂಟ್ ಮತ್ತು ನೀರು 900, ಕೂಲಿ 600. ಒಟ್ಟು 4,630 ರೂಪಾಯಿ. ಎರಡು ದಿನ ಗಾಡಿ ಓಡಲಿಲ್ಲ, ಆ ನಷ್ಟ 1,600 ಸೇರಿಸಿದರೆ 6,230. ಕೂಲಿಯನ್ನು ಕಾಕಾ ಬೇಡ ಎಂದಿದ್ದರು. ಅಬ್ಬಾ ಕೊಟ್ಟೇ ಕೊಟ್ಟರು, ಗೆಳೆತನ ಬೇರೆ, ಹೊಟ್ಟೆಪಾಡು ಬೇರೆ ಎಂದರು. ಇದು ರಾಜಸ್ವ ವೆಚ್ಚವೋ ಬಂಡವಾಳ ವೆಚ್ಚವೋ ಎಂದು ಪರೀಕ್ಷೆಯಲ್ಲಿ ಕೇಳಿದರೆ ರಾಜಸ್ವ ಎಂದೇ ಬರೆಯಬೇಕು, ಗಾಡಿಯನ್ನು ಮೊದಲಿನ ಸ್ಥಿತಿಗೆ ತಂದದ್ದಷ್ಟೇ. ಮನೆಯಲ್ಲಿ ಅಮ್ಮಿ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ: ಪುಣೆಯ ಟಿಕೆಟ್ಟಿನ ರೊಕ್ಕ. ಮೇ ತಿಂಗಳ ಸುಡುಬಿಸಿಲಿನಲ್ಲಿ ಗಾಡಿ ತುಂಬಿಕೊಂಡು ಓಡಿದರೂ ಮುಳ್ಳು ನಡುವೆಯೇ ನಿಂತಿತು. ಪುಣೆಯ ಮಾತನ್ನು ಅಬ್ಬಾ ಮತ್ತೆ ತೆಗೆಯಲಿಲ್ಲ.

ಓದುವವರಿಗೆ ಎರಡು ಎಚ್ಚರಿಕೆ ಹೇಳಲೇಬೇಕು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬೇಡಿ. ಒಳಗಿನ ನೀರು 100 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದು ಒತ್ತಡದಿಂದ ಮಾತ್ರ ಸುಮ್ಮನಿರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಇನ್ನೊಂದು, ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಗಾಡಿಯಲ್ಲಿ ಹೀಟರ್ ಇದ್ದರೆ ಪೂರ್ತಿ ಹಾಕಿ, ಸೆಕೆಯಾದರೂ ಪರವಾಗಿಲ್ಲ, ಅದೂ ಇಂಜಿನ್ನಿನ ಶಾಖವನ್ನು ಹೊರಗೆ ಎಳೆಯುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಬಂದ್ ಮಾಡಿ, ತಣ್ಣಗಾಗುವವರೆಗೆ ಕಾಯಿರಿ.

ಮುಳ್ಳು ನಡುವೆ ಇದೆ ಎಂದು ನೆಮ್ಮದಿಯಾಗಿರುವುದೂ ಪೂರ್ತಿ ಸರಿಯಲ್ಲ. ತಾಳೆಪಟ್ಟಿ ಎರಡೂ ಕಡೆ ಸರಿಹೊಂದಿದರೂ ಒಳಗೆ ತಪ್ಪುಗಳು ಇರಬಹುದು ಎಂದು ನಾವು ಓದಿದ್ದೇವೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿರುತ್ತದೆ. ಇಂಜಿನ್ನಿನಲ್ಲೂ ಹಾಗೆ. ಉಷ್ಣತೆ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರೆಲ್ಲ ಸೋರಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತರೆ, ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಅದಕ್ಕೆ ಅಬ್ಬಾ ಈಗ ಫಜರ್ ನಮಾಜ್ ಮುಗಿಸಿ ಬಂದು, ಗಾಡಿ ಚಾಲೂ ಮಾಡುವ ಮೊದಲು, ತಣ್ಣಗಿದ್ದಾಗಲೇ ನೀರಿನ ಮಟ್ಟ ನೋಡುತ್ತಾರೆ. ಪುಸ್ತಕದಲ್ಲಿ ‘ಮುಳ್ಳು’ ಕಾಲಮ್ಮಿನ ಪಕ್ಕ ‘ಮಟ್ಟ’ ಎಂಬ ಕಾಲಂ ಸೇರಿದೆ.

ಸ್ಟ್ಯಾಂಡಿನ ಇನ್ನಿಬ್ಬರು ಚಾಲಕರು ಆ ಹಾಳೆಯ ಜೆರಾಕ್ಸ್ ತೆಗೆದುಕೊಂಡು ಹೋದರು. ಒಬ್ಬರದು ಎಂಟು ದಿನದಲ್ಲಿ ವಾಪಸ್ ಬಂತು. ಅವರ ಗಾಡಿ ಹೆದ್ದಾರಿಯಲ್ಲಿ ಎಷ್ಟು ಓಡಿದರೂ ಸುಮ್ಮನಿದೆ, ಸಂತೆಯ ದಿನ ಜನರ ನಡುವೆ ಸಿಕ್ಕಿಕೊಂಡಾಗ ಮಾತ್ರ ಮುಳ್ಳು ಏರಿದೆ. ನಮ್ಮದರ ಪೂರ್ತಿ ಉಲ್ಟಾ. ಅವರಿಗೂ ಯಾರೋ ಹೊಸ ರೇಡಿಯೇಟರ್ ಹಾಕಿಸಿ ಎಂದಿದ್ದರಂತೆ. ಅಬ್ಬಾ ಹಾಳೆಯನ್ನು ನೋಡಿ, ಅದನ್ನು ಮಡಚಿ ಅವರ ಜೇಬಿಗೇ ಇಟ್ಟು, ‘ರೇಡಿಯೇಟರ್ ಬ್ಯಾಡ, ಮೊದಲ ಫ್ಯಾನ್ ತೋರಿಸ್ರಿ’ ಎಂದರು.